ಡೂಪ್ಲಿಕೇಟ್ ಅಂತ ಬೈಯೋ ಮುಂಚೆ...

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬೇಕಾದರೂ ಹೋಗಿ, ಕೌಂಟರಿನ ಹಿಂದಿರೋರು ಕೇಳೋ ಮೊದಲ ಪ್ರಶ್ನೆ ಒಂದೇ. "ಒರಿಜಿನಲ್ ಬೇಕಾ, ಡೂಪ್ಲಿಕೇಟ್ ಬೇಕಾ?" ಪ್ರಪಂಚದಲ್ಲಿರೋ ಸಾಮಾನಿಗೆಲ್ಲ ಎರಡೇ ಜಾತಿ ಅನ್ನೋ ಹಾಗೆ. ಹೊಸ ಕಾರಿಗೆ ಈ ಪ್ರಶ್ನೆ ಸರಿ. ಕಂಪನಿ ಬದುಕಿದೆ, ಸಾಮಾನು ಮಾಡ್ತಿದೆ, ಅದನ್ನ ಬಿಟ್ಟು ಅರ್ಧ ಬೆಲೆದು ಹಾಕಿಸ್ಕೊಂಡ್ರೆ ಅದು ಅವರವರ ಹಣೆಬರಹ. ಆದರೆ ಮಾಡಿದ ಕಂಪನಿಯೇ ಇಲ್ಲದ ಕಾರಿಗೆ ಒರಿಜಿನಲ್ ಎಲ್ಲಿಂದ ತರೋದು ಸ್ವಾಮೀ?

ಹಳೇ ಕಾರು ಇಟ್ಟುಕೊಂಡಿರೋ ದೊಡ್ಡ ಮನುಷ್ಯರಲ್ಲಿ ಒಂದು ಪಂಗಡ ಇದೆ. ಅವರ ಪ್ರಕಾರ ಇವತ್ತು ಯಾರಾದರೂ ಎರಕ ಹೊಯ್ದು, ಲೇತಿನಲ್ಲಿ ತಿರುಗಿಸಿ ಮಾಡಿದ ತುಂಡು ಎಷ್ಟೇ ಚೆನ್ನಾಗಿರಲಿ, ಅದು "ಡೂಪ್ಲಿಕೇಟ್". ಗುಜರಿಯಿಂದ ಹೆಕ್ಕಿ ತಂದ ತುಕ್ಕು ಹಿಡಿದ ತುಂಡು ಮಾತ್ರ "ಒರಿಜಿನಲ್". ಇನ್ನೊಂದು ಪಂಗಡ ನಮ್ಮವರೇ. ನನ್ನ ಹಾಗೆ ಎಂಜಿನಿಯರಿಂಗ್ ಓದಿ, ಎ.ಸಿ. ರೂಮಿನಲ್ಲಿ ಕೂತು ಕೀಲಿಮಣೆ ಕುಟ್ಟೋರು. ಏನೇ ಕೇಳಿ, "ಅಯ್ಯೋ ಸ್ಕ್ಯಾನ್ ಮಾಡಿ 3ಡಿ ಪ್ರಿಂಟ್ ಹೊಡೆದ್ರಾಯ್ತಲ್ಲ ಮಗಾ" ಅಂತಾರೆ. ಈ ಇಬ್ಬರ ಮೇಲೂ ನನಗೆ ಸಿಟ್ಟಿದೆ. ಇವತ್ತು ಇಬ್ಬರಿಗೂ ಪಾಲು ಹಂಚೋಣ ಅಂತ ಕೂತಿದ್ದೀನಿ. ಉದ್ದ ಆಗತ್ತೆ, ಕಾಫಿ ಇಟ್ಟುಕೊಂಡು ಓದಿ :-)

ಮೊದಲು ಹಿನ್ನೆಲೆ. ನನ್ನ ಸೋದರಮಾವನ ಹತ್ರ ಒಂದು ಸ್ಟ್ಯಾಂಡರ್ಡ್ ಗೆಜೆಲ್ ಇದೆ, 1974ರದ್ದು. ಕಾರಿನ ಹುಚ್ಚಿಲ್ಲದವರಿಗೆ ಈ ಹೆಸರೇ ಗೊತ್ತಿರಲ್ಲ. ಬ್ರಿಟನ್ನಿನಲ್ಲಿ ಟ್ರಯಂಫ್ ಹೆರಾಲ್ಡ್ ಅಂತ 1959ರಲ್ಲಿ ಒಂದು ಪುಟ್ಟ ಕಾರು ಬಂತು. ಅದರ ಮೈಕಟ್ಟು ಮಾಡಿದೋರು ಇಟಲಿಯ ಮೈಕೆಲೊಟ್ಟಿ. ಅದನ್ನೇ ಮದರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್‌ನವರು 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತ ಮಾಡಿದ್ರು. ಎರಡು ಬಾಗಿಲಿನ ಕಾರು ನಮ್ಮ ಅವಿಭಕ್ತ ಕುಟುಂಬಗಳಿಗೆ ಹಿಡಿಸಲಿಲ್ಲ. ಅಜ್ಜಿ ಹಿಂದಿನ ಸೀಟಿಗೆ ನುಸುಳಬೇಕಲ್ಲ! ಹಾಗಾಗಿ ಇಲ್ಲಿನವರು ನಾಲ್ಕು ಬಾಗಿಲು ಹಚ್ಚಿದ್ರು. 1972ರಲ್ಲಿ ಮುಖ ಬದಲಾಯಿಸಿ ಗೆಜೆಲ್ ಅಂತ ಹೆಸರಿಟ್ಟರು, 1977ರಲ್ಲಿ ನಿಲ್ಲಿಸಿದರು. ನಾಲ್ಕು ಬಾಗಿಲಿನ ಹೆರಾಲ್ಡ್ ಪ್ರಪಂಚದಲ್ಲಿ ಬೇರೆಲ್ಲೂ ಬರಲಿಲ್ಲ.

ಇಲ್ಲೇ ಇರೋದು ತಮಾಷೆ. ಎಂಜಿನ್ನಿನ ಸಾಮಾನು ಬೇಕಾ? ಇಂಗ್ಲೆಂಡಿನಿಂದ ತರಿಸಬಹುದು. ಅಲ್ಲಿ ಹೆರಾಲ್ಡು, ಸ್ಪಿಟ್‌ಫೈರ್ ಇಟ್ಟುಕೊಂಡೋರು ಸಾಕಷ್ಟು ಜನ ಇದ್ದಾರೆ, ಎಂಜಿನ್ ಅದೇ ವಂಶದ್ದು, ಗ್ಯಾಸ್ಕೆಟ್ಟಿನಿಂದ ಪಿಸ್ಟನ್ನಿನವರೆಗೆ ಹೊಸದಾಗಿ ಮಾಡಿ ಮಾರ್ತಾರೆ. (ಅಲ್ಲಿ ಅದನ್ನ ಯಾರೂ ಡೂಪ್ಲಿಕೇಟ್ ಅಂತ ಮೂಗು ಮುರಿಯಲ್ಲ.) ಆದರೆ ಹಿಂದಿನ ಬಾಗಿಲಿನ ಸಾಮಾನು ಬೇಕು ಅಂದ್ರೆ ಇಂಗ್ಲೆಂಡಿನವರು ಏನು ಮಾಡ್ತಾರೆ, ಅವರ ಕಾರಿಗೆ ಹಿಂದಿನ ಬಾಗಿಲೇ ಇಲ್ಲ! ಮಾವನ ಗಾಡಿಯಲ್ಲಿ ಹಿಂಬಾಗಿಲಿನ ಒಂದು ಲೋಹದ ತುಂಡು, ಅಂಗೈ ಅಗಲದ್ದು, ಸೀಳಿ ಎರಡಾಗಿತ್ತು. ಅಷ್ಟಕ್ಕೆ ಬಾಗಿಲು ಸರಿಯಾಗಿ ಕೂರ್ತಿರಲಿಲ್ಲ. ಶಿವಾಜಿನಗರದ ಗುಜರಿಯಿಂದ ಹಿಡಿದು ಚೆನ್ನೈವರೆಗೆ ಎರಡು ವರ್ಷ ಹುಡುಕಿದರು. ಕೊನೆಗೆ ಒಬ್ಬ ವ್ಯಾಪಾರಿ "ಕಂಪನಿ ಸ್ಟಾಕು, ಸೀಲ್ ಒಡೆದಿಲ್ಲ" ಅಂತ ಹಳೇ ಡಬ್ಬಿಯಲ್ಲಿ ಒಂದು ತುಂಡು ಕೊಟ್ಟ, ಹನ್ನೆರಡು ಸಾವಿರ ರೂಪಾಯಿ ಎಣಿಸಿಕೊಂಡ. ತಂದು ನೋಡಿದರೆ ಇದೇ ಥರ ಮುರಿದ ಇನ್ಯಾವುದೋ ತುಂಡಿಗೆ ವೆಲ್ಡಿಂಗ್ ಹಾಕಿ, ಪುಟ್ಟಿ ಮೆತ್ತಿ, ಬೆಳ್ಳಿ ಬಣ್ಣ ಬಳಿದಿದ್ದ. ಡಬ್ಬಿ ಮಾತ್ರ ನಿಜವಾಗಲೂ ಒರಿಜಿನಲ್ಲು.

ಈಗ ಹೇಳಿ, ಮೋಸ ಎಲ್ಲಿದೆ? ನನ್ನ ವಾದ ಇಷ್ಟೇ: ಹೊಸದಾಗಿ ಮಾಡಿದ್ದನ್ನ ಹೊಸದಾಗಿ ಮಾಡಿದ್ದು ಅಂತ ಹೇಳಿ ಕೊಟ್ಟರೆ ಅದು ಡೂಪ್ಲಿಕೇಟ್ ಅಲ್ಲ. ಹಳೇ ಡಬ್ಬಿಯಲ್ಲಿ ಹಾಕಿ, ಸತ್ತ ಕಂಪನಿಯ ಮುದ್ರೆ ಒತ್ತಿ, ಒರಿಜಿನಲ್ ಅಂತ ಸುಳ್ಳು ಹೇಳಿ ಮಾರೋದು ಡೂಪ್ಲಿಕೇಟ್. ತಪ್ಪು ಇರೋದು ಡಬ್ಬಿಯ ಮೇಲಿನ ಸುಳ್ಳಿನಲ್ಲಿ. ಕಾನೂನು ಕೂಡ ಹೆಚ್ಚುಕಡಿಮೆ ಹೀಗೇ ಹೇಳತ್ತೆ. ನಮ್ಮ 2000ದ ವಿನ್ಯಾಸ ಕಾಯ್ದೆಯಲ್ಲಿ ಒಂದು ವಿನ್ಯಾಸಕ್ಕೆ ಸಿಗೋ ರಕ್ಷಣೆ ಹತ್ತು ವರ್ಷ, ವಿಸ್ತರಿಸಿದರೆ ಇನ್ನೈದು. ಪೇಟೆಂಟಿಗೆ ಇಪ್ಪತ್ತು. 1972ರ ಬಾಗಿಲಿನ ತುಂಡನ್ನ ಇವತ್ತು ಮಾಡಲಿಕ್ಕೆ ಅದರಿಂದ ಅಡ್ಡಿಯಿಲ್ಲ. ಟ್ರೇಡ್‌ಮಾರ್ಕ್ ಮಾತ್ರ ನವೀಕರಿಸ್ತಾ ಹೋದಷ್ಟು ಕಾಲ ಬದುಕಿರತ್ತೆ. ಅಂದ್ರೆ ತುಂಡು ಮಾಡಿ, ಮುದ್ರೆ ಒತ್ತಬೇಡಿ. ಇಷ್ಟು ಸರಳ.

ಒರಿಜಿನಲ್ ಪೂಜೆ ಮಾಡೋರಿಗೆ ಇನ್ನೊಂದು ಪ್ರಶ್ನೆ. ರಬ್ಬರಿನ ವಿಷಯದಲ್ಲಿ ಏನು ಮಾಡ್ತೀರಿ? ಐವತ್ತು ವರ್ಷ ಅಟ್ಟದ ಮೇಲೆ ಡಬ್ಬಿಯಲ್ಲೇ ಇದ್ದ ಬ್ರೇಕ್ ಸಿಲಿಂಡರಿನ ರಬ್ಬರ್ ವಾಷರ್ ಒರಿಜಿನಲ್ಲೇ, ಒಪ್ಪಿದೆ. ಆದರೆ ರಬ್ಬರ್ ಅನ್ನೋದು ಉಪ್ಪಿನಕಾಯಿ ಅಲ್ಲ, ಇಟ್ಟಷ್ಟೂ ರುಚಿ ಆಗಲಿಕ್ಕೆ. ಗಾಳಿ ತಾಗಿಯೇ ಗಟ್ಟಿಯಾಗತ್ತೆ, ಸಣ್ಣಗೆ ಬಿರುಕು ಬಿಡತ್ತೆ. ಅದನ್ನ ಹಾಕಿಕೊಂಡು ಆಗುಂಬೆ ಘಾಟಿ ಇಳೀತೀರಾ? ಪೆಟ್ರೋಲಿನ ಕತೆ ಇನ್ನೂ ಬೇರೆ. 2025ರ ಹೊತ್ತಿಗೆ ನಮ್ಮ ದೇಶದಲ್ಲಿ ಪೆಟ್ರೋಲಿಗೆ ಶೇಕಡಾ 20 ಎಥನಾಲ್ ಬೆರೆಸೋ ಗುರಿ ಮುಟ್ಟಿಯಾಯ್ತು. 1974ರಲ್ಲಿ ಪೆಟ್ರೋಲ್ ಪೈಪಿಗೆ, ಪಂಪಿನ ಡಯಾಫ್ರಮ್ಮಿಗೆ ರಬ್ಬರ್ ಆರಿಸಿದ ಪುಣ್ಯಾತ್ಮ ಎಥನಾಲ್ ಲೆಕ್ಕ ಹಾಕಿರಲಿಲ್ಲ. ಹಳೇ ಥರದ ರಬ್ಬರು ಎಥನಾಲಿಗೆ ಊದಿಕೊಳ್ಳತ್ತೆ, ಇಲ್ಲಾ ಪೆಡಸಾಗತ್ತೆ. ಇಲ್ಲಿ ಫ್ಲೋರೋಕಾರ್ಬನ್ ರಬ್ಬರಿನಲ್ಲಿ ಮಾಡಿದ ಹೊಸ ತುಂಡು ಒರಿಜಿನಲ್ಲಿಗಿಂತ ಒಳ್ಳೇದು. ಒಳ್ಳೇದು ಅಂದ್ರೆ ಬರೀ ಸಾಕು ಅಂತಲ್ಲ, ಎಂಜಿನ್ ಬಿಸಿ ಇದ್ದಾಗ ಪೆಟ್ರೋಲ್ ಸೋರಿ ಬೆಂಕಿ ಹತ್ತದೇ ಇರಲಿಕ್ಕೆ ಅದೇ ಬೇಕು. "ನಮ್ಮ ಗಾಡೀಲಿ ಫ್ಯಾಕ್ಟರಿ ಪೈಪೇ ಇರೋದು" ಅಂತ ಬೀಗೋರನ್ನ ಕಂಡಾಗ ನನಗೆ ಭಯ ಆಗತ್ತೆ.

ಅಷ್ಟಕ್ಕೂ ಒರಿಜಿನಲ್ ಅಂದ್ರೆ ಏನು? ಕಾರ್ಖಾನೆಯವರು ಬೇರಿಂಗು, ಗಾಜು, ದೀಪ, ಟೈರು ಎಲ್ಲಾನೂ ತಾವೇ ಮಾಡ್ತಿರಲಿಲ್ಲ, ಹೊರಗಿನವರಿಂದ ಕೊಳ್ತಿದ್ರು. ಆ ಹೊರಗಿನವನು ಒಂದು ಡ್ರಾಯಿಂಗ್ ನೋಡಿಕೊಂಡು ಮಾಡ್ತಿದ್ದ. ಇವತ್ತು ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗಿನಲ್ಲೋ ಒಬ್ಬ ಅದೇ ಅಳತೆಗೆ, ಅದೇ ಲೋಹದಲ್ಲಿ ಮಾಡಿಕೊಟ್ಟರೆ ಅವನು ಮಾತ್ರ ಕಳ್ಳ ಹೇಗೆ ಆಗ್ತಾನೆ? ನಡುವೆ ಇರೋದು ಡ್ರಾಯಿಂಗ್ ಒಂದೇ. ಅದು ನಮ್ಮ ಹತ್ರ ಇಲ್ಲ, ಅದೇ ಕಷ್ಟ.

ಯಾಕಿಲ್ಲ ಅನ್ನೋದಕ್ಕೆ ಇಂಗ್ಲೆಂಡಿನದೇ ಒಂದು ಉದಾಹರಣೆ ಕೊಡ್ತೀನಿ. ಎಂಜಿಬಿ ಅನ್ನೋ ಸ್ಪೋರ್ಟ್ಸ್ ಕಾರು 1980ರಲ್ಲಿ ನಿಂತುಹೋಯ್ತು. ಅದರ ತಗಡು ಒತ್ತುತ್ತಿದ್ದ ಡೈಗಳು ಅಲ್ಲಿಲ್ಲಿ ಚೆದುರಿದ್ದವು. ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು ಅವನ್ನ ಹುಡುಕಿ ಒಟ್ಟುಮಾಡಿ 1988ರಲ್ಲಿ ಕಾರಿನ ಇಡೀ ಮೈಯನ್ನೇ ಹೊಸದಾಗಿ ಮಾಡಿ ಮಾರಲಿಕ್ಕೆ ಶುರು ಮಾಡಿದರು. ಸತ್ತ ಕಾರಿಗೆ ಹೊಸ ದೇಹ! ನಮ್ಮಲ್ಲಿ? ಕಾರ್ಖಾನೆ ಮುಚ್ಚಿತು ಅಂದ್ರೆ ಡೈ, ಪ್ಯಾಟರ್ನು ಎಲ್ಲಾ ಟನ್ನಿನ ಲೆಕ್ಕ. ಕಬ್ಬಿಣದ ರೇಟಿಗೆ ಕಬ್ಬಿಣ ಹೋಗತ್ತೆ, ಮರದ ಪ್ಯಾಟರ್ನು ಒಲೆಗೆ ಹೋಗತ್ತೆ, ಡ್ರಾಯಿಂಗ್ ರದ್ದಿಗೆ ಹೋಗತ್ತೆ. ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. ಆದರೂ ಜಾವಾ, ಯೆಜ್ಡಿ ಬೈಕುಗಳು ಮುಂದೆ ದಶಕಗಟ್ಟಲೆ ರಸ್ತೆ ಮೇಲೆ ಉಳಿದವಲ್ಲ, ಯಾರ ಪುಣ್ಯ? ಕಂಪನಿದಲ್ಲ. ಸಣ್ಣ ಸಣ್ಣ ಲೇತ್ ಅಂಗಡಿಯವರು, ಕೇಬಲ್ ಕಟ್ಟೋರು, ಸೈಲೆನ್ಸರ್ ಬಗ್ಗಿಸೋರು, ನಿಮ್ಮ ಭಾಷೆಯಲ್ಲಿ "ಡೂಪ್ಲಿಕೇಟ್" ಮಾಡೋರು, ಅವರ ಪುಣ್ಯ.

ಸರಿ, ಈಗ ನಮ್ಮವರ ಸರದಿ.

ಮಾವನ ಬಾಗಿಲಿನ ತುಂಡಿಗೆ ನಾನೂ ನನ್ನ ಸಹೋದ್ಯೋಗಿ ಗೆಳೆಯನೂ ಕೈ ಹಾಕಿದೆವು. ಅವನ ಹತ್ರ 3ಡಿ ಪ್ರಿಂಟರ್ ಇದೆ. ಮುರಿದ ಎರಡು ತುಂಡು ಜೋಡಿಸಿ ಸ್ಕ್ಯಾನ್ ಮಾಡಿದ. ಕಂಪ್ಯೂಟರಿನಲ್ಲಿ ಅಷ್ಟು ಚೆಂದ ತಿರುಗ್ತಾ ಇತ್ತು, ಮದುವೆ ಹೆಣ್ಣು ನೋಡಿದ ಹಾಗಿತ್ತು. ಅವನಿಗೆ ಅದನ್ನ ಹಾಗೇ ಪ್ಲಾಸ್ಟಿಕ್ಕಿನಲ್ಲಿ ಹೊಡೆದು ಬಾಗಿಲಿಗೆ ಹಾಕೋ ಆಸೆ. ನಾನು ಬೇಡ ಅಂದೆ. ಮನೆ ಪ್ರಿಂಟರುಗಳಲ್ಲಿ ಹೆಚ್ಚಾಗಿ ಹಾಕೋ ಪಿಎಲ್‌ಎ ಪ್ಲಾಸ್ಟಿಕ್ಕು ಸುಮಾರು 60 ಡಿಗ್ರಿಗೆ ಮೆತ್ತಗಾಗತ್ತೆ. ಏಪ್ರಿಲ್ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಿ ನೋಡಿದೋರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಇನ್ನೊಂದು, ಪ್ರಿಂಟರ್ ತುಂಡು ಕಟ್ಟೋದು ನೀರುದೋಸೆ ಒಂದರ ಮೇಲೊಂದು ಪೇರಿಸಿದ ಹಾಗೆ, ಪದರ ಪದರವಾಗಿ. ಪದರದ ಉದ್ದಕ್ಕೆ ಎಳೆದರೆ ಗಟ್ಟಿ, ಪದರ ಬಿಡಿಸೋ ಕಡೆ ಎಳೆದರೆ ಬಡ. ಬಾಗಿಲನ್ನ ದಿನಕ್ಕೆ ಹತ್ತು ಸಲ ಧಡ್ ಅಂತ ಹಾಕ್ತೀವಿ.

ಹಾಗಾಗಿ ಪ್ರಿಂಟ್ ಮಾಡಿದ್ದನ್ನ ಮಾದರಿಯಾಗಿ ಇಟ್ಟುಕೊಂಡು ಅಲ್ಯೂಮಿನಿಯಮ್ಮಿನಲ್ಲಿ ಮರಳಿನ ಎರಕ ಹೊಯ್ಯಿಸೋಣ ಅಂತ ಶಿವಮೊಗ್ಗದಲ್ಲಿ ಒಂದು ಸಣ್ಣ ಫೌಂಡ್ರಿಗೆ ಹೋದೆವು. ಅಲ್ಲಿ ಪ್ಯಾಟರ್ನ್ ಮಾಡೋ ಆಚಾರ್ರು ಒಬ್ಬರಿದ್ದರು, ಎಪ್ಪತ್ತು ದಾಟಿದೆ. ನಮ್ಮ ಪ್ರಿಂಟನ್ನ ಕೈಯಲ್ಲಿ ತಿರುಗಿಸಿ ನೋಡಿ ಕೇಳಿದ್ದು ಒಂದೇ ಮಾತು.

"ತಮ್ಮಾ, ಇದು ತುಂಡಿನ ಅಳತೆಯೋ, ಪ್ಯಾಟರ್ನಿನ ಅಳತೆಯೋ?"

"ತುಂಡಿಂದೇ ಆಚಾರ್ರೇ. ಕುಗ್ಗೋ ಲೆಕ್ಕ ಕಂಪ್ಯೂಟರಿನಲ್ಲಿ ಹಾಕೋಣ ಅಂತಿದ್ವಿ, ಎಷ್ಟು ಅಂತ ನಿಮ್ಮನ್ನ ಕೇಳಿಯೇ ಹಾಕಬೇಕು ಅಂತ ಬಂದ್ವಿ."

ಕರಗಿದ ಅಲ್ಯೂಮಿನಿಯಮ್ ಗಟ್ಟಿಯಾಗಿ ತಣ್ಣಗಾಗುವಾಗ ನೂರು ಮಿಲಿಮೀಟರಿಗೆ ಸುಮಾರು 1.3 ಮಿಲಿಮೀಟರ್ ಕುಗ್ಗತ್ತೆ, ಬೀಡು ಕಬ್ಬಿಣ ಆದರೆ ಸುಮಾರು ಒಂದು. ಅಷ್ಟು ದೊಡ್ಡದಾಗಿ ಪ್ಯಾಟರ್ನ್ ಮಾಡಬೇಕು. ಆಚಾರ್ರ ಹತ್ರ ಅದಕ್ಕೇ ಬೇರೆ ಸ್ಕೇಲ್ ಇದೆ. ಅದರ ಮೇಲೆ ಗೀಟು ಹಾಕಿರೋ ಒಂದು ಇಂಚು ನಿಜವಾದ ಇಂಚಿಗಿಂತ ಕೂದಲಿನಷ್ಟು ಉದ್ದ. ಲೆಕ್ಕ ಮಾಡೋ ತಲೆನೋವೇ ಇಲ್ಲ, ಅಳತೆಯೊಳಗೇ ಲೆಕ್ಕ ಕೂತಿದೆ. ಎಷ್ಟು ಚೆಂದದ ಸಾಫ್ಟ್‌ವೇರ್ ನೋಡಿ! ಆಮೇಲೆ ಮರಳಿನಿಂದ ಪ್ಯಾಟರ್ನ್ ಎತ್ತುವಾಗ ಅಂಚು ಕುಸೀಬಾರದು ಅಂತ ಗೋಡೆಗೆ ಸ್ವಲ್ಪ ಇಳಿಜಾರು ಕೊಡಬೇಕು, ಆಮೇಲೆ ಮಷೀನ್ ಹೊಡೆಯೋ ಮುಖಕ್ಕೆ ಒಂದೆರಡು ಮಿಲಿಮೀಟರ್ ಹೆಚ್ಚಿಗೆ ಬಿಡಬೇಕು, ಮೂಲೆಗಳನ್ನ ಉರುಟು ಮಾಡಬೇಕು.

ಇದೆಲ್ಲ ಪುಸ್ತಕದಲ್ಲಿದೆ, ನಮಗೂ ಕಾಲೇಜಿನಲ್ಲಿ ಎರಡನೇ ವರ್ಷ ಪಾಠ ಆಗಿದೆ. ಪುಸ್ತಕದಲ್ಲಿ ಇಲ್ಲದ್ದು ಆಮೇಲೆ ಬಂತು. ನಮ್ಮ ಸ್ಕ್ಯಾನಿನಲ್ಲಿ ಒಂದು ತೂತು 6.7 ಮಿಲಿಮೀಟರ್ ತೋರಿಸ್ತಿತ್ತು, ಅದೂ ಒಂದು ಕಡೆಗೆ ಸ್ವಲ್ಪ ಮೊಟ್ಟೆಯಾಕಾರ. ಆಚಾರ್ರು ಹಳೇ ತುಂಡಿನ ತೂತಿನೊಳಗೆ ಬೆರಳಿನ ಉಗುರು ಹಾಕಿ ನೋಡಿ, "ಇದು ಕಾಲಿಂಚು, ಸವೆದಿದೆ" ಅಂದರು. ಕಾಲಿಂಚು ಅಂದರೆ 6.35. ದೇಶ 1956ರಲ್ಲಿ ಮೆಟ್ರಿಕ್ ಕಾನೂನು ಮಾಡಿದ್ದರೂ ಈ ಕಾರಿನ ಹುಟ್ಟು ಇಂಗ್ಲೆಂಡಿನದ್ದು, ಅದರ ಮೈಯೆಲ್ಲ ಇಂಚಿನಲ್ಲೇ ಇದೆ. ನಾವು ಆ ಸ್ಕ್ಯಾನನ್ನೇ ನಂಬಿ ಮಾಡಿಸಿದ್ದರೆ ಐವತ್ತು ವರ್ಷದ ಸವಕಳಿಯನ್ನ ಹೊಚ್ಚ ಹೊಸ ಲೋಹದಲ್ಲಿ ಭದ್ರವಾಗಿ ಎರಕ ಹೊಯ್ದ ಹಾಗಾಗ್ತಿತ್ತು.

"ಸ್ಕ್ಯಾನ್ ಮಾಡಿದ್ರಾಯ್ತಲ್ಲ" ಅನ್ನೋ ಗೆಳೆಯರಿಗೆ ನಾನು ಹೇಳೋದು ಇದನ್ನೇ. ಸ್ಕ್ಯಾನರ್ರು ಈಗ ಇರೋ ಆಕಾರ ಹೇಳತ್ತೆ. ಬೇಕಾಗಿರೋದು ಮಾಡಿದವನ ಮನಸ್ಸಿನಲ್ಲಿದ್ದ ಆಕಾರ. ಇವೆರಡರ ನಡುವೆ ಸವಕಳಿ ಇದೆ, ಬಗ್ಗಿದ್ದಿದೆ, ಯಾರೋ ಮೆಕ್ಯಾನಿಕ್ಕು 1988ರಲ್ಲಿ ಅರ ಹಾಕಿ ಉಜ್ಜಿದ್ದಿದೆ. ಯಾವುದು ಡಿಸೈನು, ಯಾವುದು ಗಾಯ ಅಂತ ಗುರುತಿಸೋದು ಒಂದು ವಿದ್ಯೆ. ಆ ವಿದ್ಯೆ ಇರೋರ ವಯಸ್ಸು ಎಪ್ಪತ್ತು ದಾಟಿದೆ, ಅವರ ಮಗ ಫೈನಾನ್ಸ್ ಕಂಪನಿಯಲ್ಲಿದ್ದಾನೆ. (ಆಚಾರ್ರೇ ಹೇಳಿದ್ದು. ಬೇಜಾರಿನಿಂದಲ್ಲ, ಹೆಮ್ಮೆಯಿಂದ!)

ಹಾಗಂತ ನಾನು ಪ್ರಿಂಟರಿನ ವೈರಿ ಅಲ್ಲ. ಎಲ್ಲಿ ಯಾವುದು ಅನ್ನೋ ವಿವೇಕ ಬೇಕು ಅಷ್ಟೆ. ಅಮೆರಿಕದ ಟಿವಿ ಹಾಸ್ಯಗಾರ ಜೇ ಲೆನೋಗೆ ಹಳೇ ಕಾರಿನ ಹುಚ್ಚು. 1907ರ ಅವನ ವೈಟ್ ಸ್ಟೀಮರ್ ಅನ್ನೋ ಉಗಿ ಕಾರಿನ ನೀರು ಕಾಯಿಸೋ ಭಾಗ ತೂತು ಬಿದ್ದು ಹಾಳಾಗಿತ್ತು. 2009ರ ಸುಮಾರಿಗೇ ಅವನ ಗ್ಯಾರೇಜಿನವರು ಅದನ್ನ ಸ್ಕ್ಯಾನ್ ಮಾಡಿ, ಹಾಳಾದ ಜಾಗವನ್ನ ಕಂಪ್ಯೂಟರಿನಲ್ಲಿ ಸರಿಪಡಿಸಿ, ಪ್ಲಾಸ್ಟಿಕ್ ಮಾದರಿ ಮಾಡಿಕೊಂಡರು. ಗಮನಿಸಿ, ಆ ಪ್ಲಾಸ್ಟಿಕ್ಕನ್ನ ಕಾರಿಗೆ ಹಾಕಲಿಲ್ಲ, ಲೋಹದ ತುಂಡು ಮಾಡಲಿಕ್ಕೆ ಮಾದರಿಯಾಗಿ ಬಳಸಿದರು. ಪೋರ್ಷೆ ಕಂಪನಿ 2018ರಲ್ಲಿ ತನ್ನ 959 ಕಾರಿನ ಕ್ಲಚ್ ಬಿಡಿಸೋ ಲಿವರನ್ನ ನೇರವಾಗಿ ಉಕ್ಕಿನಲ್ಲೇ ಪ್ರಿಂಟ್ ಮಾಡಿತು. ಉಕ್ಕಿನ ಪುಡಿಯನ್ನ ಪದರ ಪದರ ಹರಡಿ ಲೇಸರಿನಿಂದ ಕರಗಿಸೋ ವಿಧಾನ. ಆ ಕಾರು ಮಾಡಿದ್ದೇ 292. ಅಷ್ಟಕ್ಕೆ ಡೈ ಮಾಡಿಸಿದರೆ ಗಿಟ್ಟಲ್ಲ. ಆದರೆ ಅವರು ಸುಮಾರು ಮೂರು ಟನ್ ಭಾರ ಹಾಕಿ ಒತ್ತಿ ಪರೀಕ್ಷೆ ಮಾಡಿ, ಒಳಗೆ ದೋಷ ಇದೆಯಾ ಅಂತ ಸ್ಕ್ಯಾನ್ ಮಾಡಿ, ಆಮೇಲೆ ಕಾರಿಗೆ ಹಾಕಿ ಓಡಿಸಿ ನೋಡಿದರು. ನಿಸಾನ್‌ನವರು 2019ರಲ್ಲಿ ಇನ್ನೊಂದು ತೋರಿಸಿದರು: ಡೈಯೇ ಇಲ್ಲದೆ, ತಗಡಿನ ಎರಡೂ ಕಡೆಯಿಂದ ರೋಬೋಟುಗಳು ಸಣ್ಣ ಮೊಳೆಯಂಥ ಉಪಕರಣದಿಂದ ಒತ್ತುತ್ತಾ ಹೋಗಿ ಆಕಾರ ತರೋದು. ನೋಡಿದರೆ ನಮ್ಮ ಟಿಂಕರಿಂಗ್ ಸಾಬರು ಮರಳಿನ ಚೀಲದ ಮೇಲೆ ತಗಡಿಟ್ಟು ಸುತ್ತಿಗೆಯಲ್ಲಿ ಮಾಡೋದರ ಅಣ್ಣನೇ ಅದು.

ಪ್ರಿಂಟರು ಹಳೇ ವಿದ್ಯೆಗೆ ಎಷ್ಟು ಚೆಂದ ಹೊಂದತ್ತೆ ಅನ್ನೋದಕ್ಕೆ ಮೇಣದ ಎರಕ ನೋಡಿ. ಮೇಣದಲ್ಲಿ ಮೂರ್ತಿ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಖಾಲಿ ಜಾಗಕ್ಕೆ ಲೋಹ ಹೊಯ್ಯೋದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಇದರ ವಿವರ ಇದೆ, ಮೇಣದ ತೂಕ ನೋಡಿ ಲೋಹ ಎಷ್ಟು ಬೇಕು ಅನ್ನೋವರೆಗೆ. ಇವತ್ತು ಸುಟ್ಟರೆ ಬೂದಿ ಉಳಿಸದ ರಾಳದಲ್ಲಿ ಮಾದರಿಯನ್ನ ಪ್ರಿಂಟ್ ಮಾಡಿ, ಅದೇ ರೀತಿ ಸುಟ್ಟು, ಅದೇ ರೀತಿ ಎರಕ ಹೊಯ್ತಾರೆ. ಕಾರಿನ ಲಾಂಛನ, ಹಿಡಿ, ಕೊಂಡಿ ಇಂಥ ಸೂಕ್ಷ್ಮ ತುಂಡುಗಳಿಗೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಒಂಬೈನೂರು ವರ್ಷದ ಹಿಂದಿನ ದೊರೆ ಬಂದು ನೋಡಿದರೆ ಪ್ರಿಂಟರ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಅರ್ಥ ಆಗತ್ತೆ.

ಆದರೆ ಒಂದು ಗೆರೆ ಎಳೀಲೇಬೇಕು. ಬ್ರೇಕು, ಸ್ಟೀರಿಂಗು, ಚಕ್ರ ಹಿಡಿಯೋ ಭಾಗ, ಇವಕ್ಕೆ ಮನೆ ಪ್ರಿಂಟರಿನವರೂ ಬೇಡ, ಪರೀಕ್ಷೆ ಮಾಡದ ಎರಕವೂ ಬೇಡ. ಎರಕದೊಳಗೆ ಗಾಳಿಗುಳ್ಳೆ ಇದ್ದರೆ ಹೊರಗಿನಿಂದ ಕಾಣಲ್ಲ. ಗೆಜೆಲ್ಲಿನ ಬಾಗಿಲ ತುಂಡು ಮುರಿದರೆ ಬಾಗಿಲು ಜೋತು ಬೀಳತ್ತೆ, ಹಗ್ಗ ಕಟ್ಟಿಕೊಂಡು ಮನೆಗೆ ಬರಬಹುದು. ಸ್ಟೀರಿಂಗ್ ತುಂಡು ಮುರಿದರೆ ಎದುರಿಗೆ ಬರೋ ಸ್ಕೂಟರಿನವನು ಯಾವ ತಪ್ಪು ಮಾಡಿದ್ದ?

ಈಗ ಸರ್ಕಾರದ ಕಡೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಬಂತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ಅಂತ ಬೇರೆ ನೋಂದಣಿ, ಹೊಸದಕ್ಕೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಷರತ್ತು ಏನಪ್ಪಾ ಅಂದ್ರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಮೈ, ಎಂಜಿನ್ನುಗಳಲ್ಲಿ ಭಾರೀ ಬದಲಾವಣೆ ಆಗಿರಬಾರದು. ಒಳ್ಳೇದೇ. ಆದರೆ "ಮೂಲ ರೂಪ" ಅನ್ನೋದನ್ನ ಪರಿಶೀಲನೆಗೆ ಕೂರೋರು ಜೆ.ಸಿ. ರಸ್ತೆ ಕೌಂಟರಿನ ಕಣ್ಣಿನಿಂದ ನೋಡಿದರೆ? ಹೊಸದಾಗಿ ಎರಕ ಹೊಯ್ದು ಮೂಲದ ಅಳತೆಗೇ ಮಾಡಿದ ತುಂಡು ಹಾಕಿದ ಗೆಜೆಲ್ ಮೂಲ ರೂಪದ್ದಲ್ಲ, ಬೇರೆ ಯಾವುದೋ ಕಾರಿನ ಬಾಗಿಲ ಕೊಂಡಿಯನ್ನ ಹೇಗೋ ತುರುಕಿದ ಗೆಜೆಲ್ ಮೂಲ ರೂಪದ್ದು ಅಂತ ಆಗಬಾರದಲ್ಲ? "ರೂಪ" ಅನ್ನೋದು ಆಕಾರಕ್ಕೂ ಲೋಹಕ್ಕೂ ಕೆಲಸಕ್ಕೂ ಸೇರಿದ್ದು. ಎರಕ ಹೊಯ್ದ ತಾರೀಖಿಗೆ ಸೇರಿದ್ದಲ್ಲ. ಹಳೇ ಗಾಡಿ ಸಂಘಗಳಲ್ಲಿರೋ ದೊಡ್ಡೋರು ಇದನ್ನ ಸ್ಪಷ್ಟವಾಗಿ ಹೇಳಬೇಕಿತ್ತು. ಅವರಲ್ಲಿ ಕೆಲವರು ಮಾತ್ರ ಪ್ರದರ್ಶನದಲ್ಲಿ ಒಬ್ಬರ ಗಾಡಿಯ ಸ್ಕ್ರೂ ಇನ್ನೊಬ್ಬರು ನೋಡಿ "ಇದು ಒರಿಜಿನಲ್ ಅಲ್ಲ" ಅಂತ ಅಂಕ ಕಳೆಯೋದರಲ್ಲೇ ಇದ್ದಾರೆ.

ಇನ್ನೂ ಕೆಟ್ಟ ಅಭ್ಯಾಸ ಒಂದಿದೆ, ಮುಚ್ಚಿಡೋದು. ಗೆಜೆಲ್ ಇಟ್ಟುಕೊಂಡ ಇನ್ನೊಬ್ಬರು ಇದೇ ತುಂಡನ್ನ ಮೊದಲೇ ಮಾಡಿಸಿದ್ದರು ಅಂತ ಆಮೇಲೆ ಗೊತ್ತಾಯ್ತು. ಮಾವ ಫೋನ್ ಮಾಡಿ ಅಳತೆ ಕೇಳಿದ್ದಕ್ಕೆ "ಅದೆಲ್ಲ ಕೊಡಲಿಕ್ಕಾಗಲ್ಲ ಸಾರ್, ನಾನು ಬಹಳ ಕಷ್ಟಪಟ್ಟಿದ್ದೀನಿ" ಅಂದರಂತೆ. ಕಷ್ಟಪಟ್ಟಿದ್ದು ನಿಜ. ಆದರೆ ಅವರು ಮುಚ್ಚಿಟ್ಟದ್ದರಿಂದ ಅವರಿಗೆ ಬಂದ ಲಾಭ ಸೊನ್ನೆ. ನಾವೆಲ್ಲ ಲೀನಕ್ಸು, ಮುಕ್ತ ತಂತ್ರಾಂಶ ಅಂತ ಮಾತಾಡೋರು. ಕನ್ನಡ ಯೂನಿಕೋಡ್ ಅಕ್ಷರ ಇವತ್ತು ಇಷ್ಟು ಸಲೀಸಾಗಿ ಮೂಡ್ತಿದ್ದರೆ ಯಾರೋ ಮಾಡಿದ್ದನ್ನ ಮುಚ್ಚಿಡದೇ ಹಂಚಿದ್ದಕ್ಕೆ ಅಲ್ಲವಾ? ಒಂದು ಬಾಗಿಲ ಕೊಂಡಿಯ ಅಳತೆಗೆ ಇಷ್ಟು ಗುಟ್ಟೇ?

ಆಚಾರ್ರ ಮಾತುಗಳೂ ಎಲ್ಲೂ ಬರೆದಿಟ್ಟಿಲ್ಲ. ಮರಳಿಗೆ ನೀರು ಎಷ್ಟು ಅಂತ ಕೇಳಿದರೆ ಅವರು ಮುಷ್ಟಿಯಲ್ಲಿ ಹಿಚುಕಿ, ಮುರಿದು, ಮುರಿದ ಅಂಚು ತೋರಿಸ್ತಾರೆ. ಅಂಚು ಉದುರದೇ ನಿಂತರೆ ಸರಿ. ಇಂಥದ್ದು ನಮ್ಮ ಕನ್ನಡ ಬ್ಲಾಗುಗಳಲ್ಲಿ ಎಷ್ಟಿದೆ? ನಾವು ಸಿನಿಮಾ ವಿಮರ್ಶೆ ಬರೀತೀವಿ, ಮಳೆ ಬಗ್ಗೆ ಬರೀತೀವಿ, ಊರು ನೆನೆಸಿಕೊಂಡು ಬರೀತೀವಿ (ನಾನೂ ಸೇರಿ). ನಿಮ್ಮೂರಿನ ಲೇತ್ ಅಂಗಡಿಯವರ ಬಗ್ಗೆ, ಎರಕದವರ ಬಗ್ಗೆ ಬರೆದಿದ್ದರೆ ಕೊಂಡಿ ಕಳಿಸಿ, ಓದಬೇಕು.

ನಮ್ಮ ತುಂಡಿನ ಕತೆ ಏನಾಯ್ತು ಅಂದರೆ, ಐದು ಹೊಯ್ಯಿಸಿದೆವು. ಒಂದರಲ್ಲಿ ಗುಳ್ಳೆ ಬಂತು, ಆಚಾರ್ರೇ ಒಡೆದು ಮೂಸೆಗೆ ವಾಪಸ್ ಹಾಕಿದರು. ನಾಲ್ಕು ಚೆನ್ನಾಗಿ ಬಂದವು. ಎರಡು ಮಾವನ ಗಾಡಿಗೆ, ಎರಡು ಬೇಕಾದೋರಿಗೆ. ಪ್ರತಿಯೊಂದರ ಒಳಮೈಯಲ್ಲಿ, ಕಣ್ಣಿಗೆ ಕಾಣದ ಕಡೆ, ಹೊಯ್ದ ಇಸವಿ ಕೆತ್ತಿಸಿದ್ದೀವಿ, ಮುಂದೆ ಯಾರೂ ಇದನ್ನ 1974ರದ್ದು ಅಂತ ಮಾರಬಾರದು ಅಂತ. ಅಳತೆಗಳನ್ನೆಲ್ಲ ಇಂಚಿನಲ್ಲಿ, ಆಚಾರ್ರು ತಿದ್ದಿದ ಹಾಗೆ, ಮುಂದಿನ ಪೋಸ್ಟಿನಲ್ಲಿ ಹಾಕ್ತೀನಿ. ಯಾರು ಬೇಕಾದರೂ ಇಳಿಸಿಕೊಂಡು ಮಾಡಿಸಿಕೊಳ್ಳಿ, ನನ್ನನ್ನ ಕೇಳಬೇಕಿಲ್ಲ.

ಈಗ ಬಾಗಿಲಿನ ಸುತ್ತ ಕೂರೋ ರಬ್ಬರಿನ ಸರದಿ. ಡೈ ಮಾಡಿಸೋದು ಅಷ್ಟು ದುಬಾರಿಯಲ್ಲ, ಆದರೆ ರಬ್ಬರ್ ಎಳೆಯೋರು ಮುನ್ನೂರು ಮೀಟರಿಗಿಂತ ಕಮ್ಮಿಗೆ ಮಷೀನ್ ಹಚ್ಚಲ್ಲ ಅಂತಿದ್ದಾರೆ. ಸದ್ಯಕ್ಕೆ ಮೂರು ಗಾಡಿಯವರು ಸೇರಿದ್ದೀವಿ. ನಿಮ್ಮ ಅಜ್ಜನ ಮನೆ ಕೊಟ್ಟಿಗೆಯಲ್ಲಿ ಎಲ್ಲಾದರೂ ನಾಲ್ಕು ಬಾಗಿಲಿನ ಹೆರಾಲ್ಡೋ ಗೆಜೆಲ್ಲೋ ಸೌದೆ ಹೊತ್ತುಕೊಂಡು ನಿಂತಿದ್ದರೆ, ಕೆಳಗೆ ಒಂದು ಕಾಮೆಂಟ್ ಹಾಕಿ.